ಫ್ರೆಂಚರ ನೆರೆಹೊರೆಯ ಹಬ್ಬವೂ ಅಗ್ಗದ ಕೆಂಪು ವೈನೂ

ಸಂಕ್ರಾಂತಿಯ ಸಂಜೆ ನಮ್ಮ ಹೆಣ್ಣುಮಕ್ಕಳು ಹೊಸ ಲಂಗವನ್ನುಟ್ಟು, ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಗಳ ಮಿಶ್ರಣವನ್ನು ತಟ್ಟೆಯಲ್ಲಿಟ್ಟುಕೊಂಡು, ಕೇರಿಯ ಮನೆಮನೆಗೂ ಬೀರಿ ಬರುವುದನ್ನು ವಾಚಕರೆಲ್ಲರೂ ಬಲ್ಲರು. ಆ ಎಳ್ಳಿಗೆ ಬೆಲೆಯೆಷ್ಟೆಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಎಳ್ಳು ಅವರ ಮನೆಗೂ, ಅವರ ಮನೆಯದು ನಮ್ಮ ಮನೆಗೂ ಹೋದಮೇಲೆ ಲೆಕ್ಕ ಹಾಕಿ ನೋಡಿದರೆ ಇಬ್ಬರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಆದರೂ ಆ ದಿನ ಒಂದು ಮನೆಯನ್ನು ಬಿಟ್ಟು ಮುಂದಕ್ಕೆ ಹೋದರೆ, ಆ ಮನೆಯವರಿಗೂ ನಮಗೂ ಏನೋ ಮನಸ್ತಾಪ ಬಂದಿರಬೇಕೆಂದು ಕೇರಿಯೆಲ್ಲ ಊಹಿಸುತ್ತದೆ. ವಸ್ತು ಅಲ್ಪವಾದರೂ ಅದನ್ನು ಕೊಟ್ಟು ಬರುವ ಕಾರ್ಯವು ಅಲ್ಪವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇದಕ್ಕೆ ಹೋಲುವ ಪದ್ಧತಿಯೊಂದು ಫ್ರಾನ್ಸು ದೇಶದಲ್ಲಿ ಈಚೆಗೆ ಹುಟ್ಟಿ ಬೆಳೆದಿದೆ. ಅವರು ಅದನ್ನು ತಮ್ಮ ಭಾಷೆಯಲ್ಲಿ 'ಫೇತ್ ದೇ ವ್ವಾಜ್ಯಾಂ' ಎನ್ನುತ್ತಾರೆ. ನೆರೆಯವರ ಹಬ್ಬ ಎಂದು ಅದರ ಅರ್ಥ. ವ್ಯತ್ಯಾಸವೇನೆಂದರೆ, ನಮ್ಮಲ್ಲಿ ಎಳ್ಳು ಮಾಡುವ ಕೆಲಸವನ್ನು ಅಲ್ಲಿ ಬಹುಮಟ್ಟಿಗೆ ಕೆಂಪು ವೈನು ಮಾಡುತ್ತದೆ. ವೈನಿನ ಮಾತನ್ನೆತ್ತಿದೊಡನೆ ನಮ್ಮ ಅನೇಕ ಮನೆಗಳಲ್ಲಿ ಹುಬ್ಬು ಗಂಟಿಕ್ಕುವುದು ಸಹಜವೇ. ಕುಡಿಯದವರಿಗೆ ಕುಡಿಯುವುದನ್ನು ಕಲಿಸುವುದು ಈ ಲೇಖನದ ಉದ್ದೇಶವಲ್ಲ. ಒಂದು ಜನಾಂಗವು ಬಾಗಿಲು ಮುಚ್ಚಿಕೊಂಡು ಬಾಳುವ ಅಭ್ಯಾಸಕ್ಕೆ ಬಿದ್ದು, ಅದರಿಂದ ಏನಾಯಿತೆಂಬುದನ್ನು ಕಂಡು, ಮತ್ತೆ ಬಾಗಿಲು ತೆರೆಯಲು ಯಾವ ಉಪಾಯವನ್ನು ಹಿಡಿಯಿತು, ಆ ಉಪಾಯದಲ್ಲಿ ಅಗ್ಗದ ಸೀಸೆಯೊಂದಕ್ಕೆ ಏಕೆ ಸ್ಥಾನ ದೊರೆಯಿತು ಎಂಬುದನ್ನು ತಿಳಿಸುವುದಷ್ಟೇ ಉದ್ದೇಶ.

ಹಬ್ಬ ಹುಟ್ಟಿದ ಬಗೆ

ಪ್ಯಾರಿಸ್ ಪಟ್ಟಣದಲ್ಲಿ ಜನರು ಬಹುಕಾಲದಿಂದಲೂ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ದೊಡ್ಡ ಮನೆಗಳಲ್ಲಿ ವಾಸವಾಗಿದ್ದಾರೆ. ಹಿಂದಿನ ಕಾಲದಲ್ಲಿ ಪ್ರತಿಯೊಂದು ಕಟ್ಟಡದ ತಲೆಬಾಗಿಲಿನ ಪಕ್ಕದಲ್ಲಿಯೂ ಕಾವಲಿನವಳೊಬ್ಬಳ ಕೋಣೆ ಇರುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕಾಗದ ಬಂತು ಎಂಬುದೆಲ್ಲ ಆಕೆಗೆ ಗೊತ್ತು. ಆಕೆಯ ಬಾಯಿಗೆ ಹೆದರಿದವರೂ ಉಂಟು. ಆದರೆ ಆಕೆಯಿದ್ದಲ್ಲಿ ಒಬ್ಬರು ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ಬಾಗಿಲು ತಟ್ಟುವವರಿದ್ದರು. ಕಾಲಕ್ರಮದಲ್ಲಿ ಅನೇಕ ಕಟ್ಟಡಗಳಲ್ಲಿ ಆ ಕೋಣೆ ಬರಿದಾಯಿತು. ಅದರ ಸ್ಥಾನದಲ್ಲಿ ಅಂಕಿಗಳನ್ನೊತ್ತಿ ತೆರೆಯುವ ಬೀಗ ಬಂದಿತು. ಬೀಗವು ಕಳ್ಳರನ್ನು ತಡೆಯಬಲ್ಲುದು. ಒಳಗಿರುವವರ ಕ್ಷೇಮವನ್ನು ವಿಚಾರಿಸಲಾರದು.

ಆ ಪಟ್ಟಣದ ಹದಿನೇಳನೆಯ ವಿಭಾಗದಲ್ಲಿ ಅತಾನಾಸ್ ಪೆರಿಫಾನ್ ಎಂಬವರು ವಾಸವಾಗಿದ್ದರು. ಅವರ ಕಟ್ಟಡದಲ್ಲಿಯೇ ಒಬ್ಬ ವೃದ್ಧ ಸ್ತ್ರೀ ತನ್ನ ಮನೆಯೊಳಗೆ ಸತ್ತು ಬಿದ್ದಿದ್ದು, ತಿಂಗಳುಗಳು ಕಳೆದ ಮೇಲೆ ಅದು ಪತ್ತೆಯಾಯಿತು. ಗೋಡೆಗೆ ಗೋಡೆ ಹೊಂದಿಕೊಂಡು ಬಾಳುತ್ತಿದ್ದವರಿಗೆ ಆಕೆ ಇಲ್ಲವಾದದ್ದು ತಿಳಿಯಲೇ ಇಲ್ಲ. ಈ ಸಂಗತಿಯು ಪೆರಿಫಾನರ ಮನಸ್ಸನ್ನು ಬಹಳವಾಗಿ ಕದಡಿತು. ೧೯೯೦ರಲ್ಲಿ ಅವರು ಕೆಲವರು ಗೆಳೆಯರೊಡನೆ ಕೂಡಿ, ನೆರೆಯವರ ನಡುವೆ ಬಳಕೆಯನ್ನು ಹೆಚ್ಚಿಸುವುದಕ್ಕಾಗಿ ಒಂದು ಸಂಘವನ್ನು ಕಟ್ಟಿದ್ದರು. ೧೯೯೯ರಲ್ಲಿ ಅದೇ ವಿಭಾಗದಲ್ಲಿ ಮೊದಲ ಬಾರಿಗೆ ನೆರೆಯವರ ಹಬ್ಬವನ್ನು ನಡೆಸಿದರು. ಮರುವರ್ಷ ಅದು ದೇಶದ ಇತರ ಊರುಗಳಿಗೂ ಹಬ್ಬಿತು. ಆಮೇಲೆ ಯೂರೋಪಿನ ಬೇರೆ ಬೇರೆ ದೇಶಗಳೂ ಅದನ್ನು ಅನುಸರಿಸಿದುವು.

ಇದು ವಿನೋದಕ್ಕಾಗಿ ಹುಟ್ಟಿದ ಹಬ್ಬವಲ್ಲವೆಂಬುದು ೨೦೦೩ರ ಬೇಸಗೆಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಆ ವರ್ಷದ ಆಗಸ್ಟ್ ತಿಂಗಳ ಮೊದಲ ಎರಡು ವಾರಗಳಲ್ಲಿ ಫ್ರಾನ್ಸಿನಲ್ಲಿ ಹಿಂದೆಂದೂ ಕಾಣದ ಉರಿಬಿಸಿಲು ಬಿದ್ದು, ಸುಮಾರು ೧೫,೦೦೦ ಮಂದಿ ವಾಡಿಕೆಗಿಂತ ಹೆಚ್ಚಾಗಿ ಸತ್ತರು. ಅವರಲ್ಲಿ ಬಹುಮಂದಿ ವೃದ್ಧರು. ಅದು ರಜಾಕಾಲವಾದುದರಿಂದ ಮಕ್ಕಳು ಮೊಮ್ಮಕ್ಕಳು ಊರಿನಲ್ಲಿಲ್ಲದೆ, ಒಂಟಿಯಾಗಿ ಮೇಲಂತಸ್ತಿನ ಕೋಣೆಗಳಲ್ಲಿ ಉಳಿದವರೂ ಅವರಲ್ಲಿದ್ದರು. ಪ್ಯಾರಿಸಿನಲ್ಲಿ ಸತ್ತ ೫೭ ಮಂದಿಯ ದೇಹಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಸೆಪ್ಟೆಂಬರ್ ೩ರಂದು ಪಟ್ಟಣದ ಹೊರಗಿನ ತಿಯೆ ಎಂಬಲ್ಲಿಯ ರುದ್ರಭೂಮಿಯಲ್ಲಿ ಅವರನ್ನು ಮಣ್ಣುಮಾಡಿದರು. ರಾಷ್ಟ್ರಾಧ್ಯಕ್ಷರಾಗಿದ್ದ ಜಾಕ್ ಶಿರಾಕರೇ ಬಂದು ನಿಂತಿದ್ದರು. ಬಂಧುಗಳಿಲ್ಲದ ಹೆಣಗಳಿಗೆ ರಾಷ್ಟ್ರವೇ ಬಂಧುವಾಗಬೇಕಾಯಿತು. ಒಂದು ಚೊಂಬು ತಣ್ಣೀರು ಹಿಡಿದು ಪಕ್ಕದ ಬಾಗಿಲನ್ನು ತಟ್ಟುವವರಿದ್ದಿದ್ದರೆ ಅವರಲ್ಲಿ ಕೆಲವರಾದರೂ ಉಳಿಯುತ್ತಿದ್ದರೇನೋ!

ಸಂಜೆಯ ಮೇಜು

ಹಬ್ಬವು ಸಾಮಾನ್ಯವಾಗಿ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುತ್ತದೆ. ಆಗ ಅಲ್ಲಿ ರಾತ್ರಿ ಒಂಬತ್ತು ಗಂಟೆ ಕಳೆದರೂ ಬೆಳಕಿರುತ್ತದೆ, ಚಳಿಯ ಬಾಧೆಯಿಲ್ಲ. ಕಟ್ಟಡದವರಲ್ಲಿ ಯಾರಾದರೊಬ್ಬರು ಮುಂದಾಗಿ, ಮೆಟ್ಟಿಲ ಬುಡದಲ್ಲಿಯೋ ಏರುಯಂತ್ರದ ಬಾಗಿಲಿನಲ್ಲಿಯೋ ಒಂದು ಚೀಟಿಯನ್ನು ಅಂಟಿಸುತ್ತಾರೆ: ಇಂಥ ದಿನ, ಇಂಥ ಹೊತ್ತಿಗೆ, ಒಳಂಗಳದಲ್ಲಿ ಸೇರೋಣ, ನಿಮ್ಮಿಂದಾದದ್ದನ್ನು ತನ್ನಿರಿ. ಅಷ್ಟೇ ಆಮಂತ್ರಣ. ಒಬ್ಬರು ಮೇಜನ್ನು ಇಳಿಸುತ್ತಾರೆ, ಇನ್ನೊಬ್ಬರು ಕುರ್ಚಿಗಳನ್ನು. ತರಕಾರಿಯ ಕಡುಬು, ಚೀಸು, ಆಲಿವು ಕಾಯಿ, ಉದ್ದನೆಯ ರೊಟ್ಟಿ, ಹಣ್ಣಿನ ಹೂರಣವನ್ನು ತುಂಬಿ ಬೇಯಿಸಿದ ಭಕ್ಷ್ಯ, ಇವುಗಳಲ್ಲಿ ಒಂದಲ್ಲ ಒಂದನ್ನು ಒಬ್ಬೊಬ್ಬರೂ ತರುತ್ತಾರೆ. ಇವುಗಳ ನಡುವೆ ಸೀಸೆಗಳು ನಿಲ್ಲುತ್ತವೆ.

ಊಟಕ್ಕೆ ಮೊದಲು ಕುಡಿಯುವ ಪಾನಕ್ಕೆ ಫ್ರೆಂಚರು 'ಅಪೆರಿತೀಫ್' ಎನ್ನುತ್ತಾರೆ. ತೆರೆಯುವುದೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಅದು ಹುಟ್ಟಿತು; ಹಸಿವನ್ನು ತೆರೆಯುವುದು ಎಂಬ ಭಾವ. ಹಬ್ಬದ ದಿನ ಅದು ತೆರೆಯುವುದು ಬಾಯನ್ನು. ಐದು ವರ್ಷ ಒಂದೇ ಮೆಟ್ಟಿಲನ್ನು ಹತ್ತಿ ಇಳಿದು, ತಲೆಯಾಡಿಸುವುದಕ್ಕಿಂತ ಹೆಚ್ಚಿನ ಪರಿಚಯವಿಲ್ಲದ ಇಬ್ಬರು, ಸೀಸೆಯ ಮೇಲಿನ ಚೀಟಿಯನ್ನು ನೋಡಿ 'ಇದು ಎಲ್ಲಿಯದು?' ಎಂದು ಕೇಳುವಲ್ಲಿಂದ ಮಾತನ್ನು ಪ್ರಾರಂಭಿಸುತ್ತಾರೆ. ಅವರಲ್ಲೊಬ್ಬರ ಅಜ್ಜನ ಊರು ಅದರ ಹತ್ತಿರವೇ ಇದ್ದರೂ ಇರಬಹುದು. ಅಲ್ಲಿಂದ ಮುಂದೆ ಮಾತಿಗೆ ಕೊರತೆಯುಂಟೆ?

ಅಗ್ಗವೇ ಏಕೆ?

ಈ ಮೇಜಿನ ಮೇಲೆ ಅಮೂಲ್ಯವಾದ ಸೀಸೆಯೊಂದನ್ನು ತಂದಿಟ್ಟರೆ ಏನಾಗುತ್ತದೆಂಬುದನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಎಲ್ಲರೂ ಅದನ್ನು ಹೊಗಳಲೇಬೇಕಾಗುತ್ತದೆ. ಪಕ್ಕದಲ್ಲಿಯೇ ತನ್ನ ಐದು ಯೂರೋಗಳ ಸೀಸೆಯನ್ನಿಟ್ಟ ವಿದ್ಯಾರ್ಥಿಯು ಅದನ್ನು ಹಿಂದಕ್ಕೆ ಸರಿಸುತ್ತಾನೆ. ಪಿಂಚಣಿಯಿಂದ ಜೀವಿಸುವ ವಿಧವೆಯು ಮರುವರ್ಷ ತಾನೇನು ತರಬೇಕೆಂದು ಚಿಂತಿಸಿ, ಕೊನೆಗೆ ತಲೆನೋವೆಂದು ಹೇಳಿ ಕೆಳಕ್ಕಿಳಿಯುವುದೇ ಇಲ್ಲ. ಯಾರಿಗಾಗಿ ಹಬ್ಬವನ್ನು ಏರ್ಪಡಿಸಿದರೋ ಅವರೇ ತಪ್ಪಿಹೋದಂತಾಯಿತು. ದೊಡ್ಡ ಕೊಡುಗೆಯು ತೆಗೆದುಕೊಂಡವನ ಮೇಲೆ ಋಣವನ್ನು ಹೊರಿಸುತ್ತದೆ. ಸಣ್ಣ ಕೊಡುಗೆಯಲ್ಲಿ ಆ ಭಾರವಿಲ್ಲ. ಆದಕಾರಣವೇ ನಮ್ಮ ಹಿರಿಯರು ಕೇರಿಗೆಲ್ಲ ಹಂಚುವುದಕ್ಕೆ ಬೆಳ್ಳಿಯನ್ನು ಆರಿಸದೆ ಎಳ್ಳನ್ನು ಆರಿಸಿದರು.

ಅಗ್ಗದ ವೈನು ರುಚಿಯಲ್ಲಿ ಕೀಳಾಗಿರಲೇಬೇಕೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲಲಿಲ್ಲ. ಅಮೇರಿಕದಲ್ಲಿ ಹೆಸರನ್ನೂ ಬೆಲೆಯನ್ನೂ ಮರೆಮಾಡಿ ರುಚಿ ನೋಡಿಸಿದ ೬,೦೦೦ಕ್ಕೂ ಹೆಚ್ಚು ಪ್ರಯೋಗಗಳ ಫಲವು ೨೦೦೮ರಲ್ಲಿ ಪ್ರಕಟವಾಯಿತು. ವಿಶೇಷ ಶಿಕ್ಷಣವಿಲ್ಲದ ಸಾಮಾನ್ಯರಿಗೆ ಬೆಲೆ ಹೆಚ್ಚಾದ ವೈನು ಹೆಚ್ಚು ಹಿಡಿಸಲಿಲ್ಲ. ಒಂದಿಷ್ಟು ಕಡಮೆಯೇ ಹಿಡಿಸಿತು. ಅದೇ ವರ್ಷ ಪ್ರಕಟವಾದ ಬೇರೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ ೧೦ ಡಾಲರಿನದೆಂದೂ ಇನ್ನೊಮ್ಮೆ ೯೦ ಡಾಲರಿನದೆಂದೂ ಹೇಳಿ ಕೊಟ್ಟರು. ಹೆಚ್ಚಿನ ಬೆಲೆಯನ್ನು ಕೇಳಿದಾಗ ಜನರಿಗೆ ಅದೇ ವೈನು ಹೆಚ್ಚು ರುಚಿಸಿತು. ನಾಲಗೆಯು ಕಿವಿಯ ಮಾತನ್ನು ಕೇಳುತ್ತದೆಂದು ಇದರಿಂದ ತಿಳಿಯಬೇಕು. ಆದ್ದರಿಂದ ಬೆಲೆಯ ಚೀಟಿಯನ್ನು ಮನೆಯಲ್ಲಿಯೇ ಕಿತ್ತು ತರುವುದು ಜಾಣತನ.

ಬೆಲೆ ಏರುವುದು ಯಾವುದರಿಂದ?

ಸೀಸೆಯ ಬೆಲೆಯಲ್ಲಿ ರುಚಿಗೆ ಸಲ್ಲುವುದು ಒಂದು ಭಾಗ ಮಾತ್ರ. ಮೊದಲನೆಯದಾಗಿ ನೆಲದ ಬೆಲೆ. ದಕ್ಷಿಣ ಫ್ರಾನ್ಸಿನ ಲಾಂಗ್‌ದಾಕ್ ಪ್ರಾಂತದಲ್ಲಿ ಒಂದು ಹೆಕ್ಟೇರು, ಅಂದರೆ ಎರಡೂವರೆ ಎಕರೆಯಷ್ಟು ದ್ರಾಕ್ಷಿ ತೋಟವು ಹತ್ತು ಹದಿನೈದು ಸಾವಿರ ಯೂರೋಗಳಿಗೆ ದೊರೆಯುತ್ತದೆ. ಬರ್ಗಂಡಿಯ ಅತ್ಯಂತ ಹೆಸರಾದ ತೋಟಗಳಲ್ಲಿ ಅಷ್ಟೇ ನೆಲಕ್ಕೆ ಹಲವು ದಶಲಕ್ಷಗಳನ್ನು ಎಣಿಸಬೇಕು. ಎರಡನೆಯದು ಮರದ ಬೆಲೆ. ದೊಡ್ಡ ವೈನುಗಳನ್ನು ೨೨೫ ಲೀಟರು ಹಿಡಿಯುವ ಹೊಸ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ಪಕ್ವಗೊಳಿಸುತ್ತಾರೆ. ಅಂಥ ಪೀಪಾಯಿಯೊಂದಕ್ಕೆ ೭೦೦ ಯೂರೋ ಎಂದಿಟ್ಟುಕೊಂಡರೂ, ಅದರಿಂದ ತುಂಬುವ ೩೦೦ ಸೀಸೆಗಳಿಗೆ ಹಂಚಿದಾಗ ಸೀಸೆಯೊಂದಕ್ಕೆ ೨ ಯೂರೋಗಿಂತ ಹೆಚ್ಚು ಬೀಳುತ್ತದೆ. ಮೂರನೆಯದು ಕಾಲದ ಬೆಲೆ. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕಾದಿರುವ ಸರಕಿನಲ್ಲಿ ಹಣವೂ ಕಾದಿರುತ್ತದೆ. ಕೊನೆಯದು ಹೆಸರಿನ ಬೆಲೆ. ಇದಕ್ಕೆ ಮಿತಿಯೇ ಇಲ್ಲ. ಸರಕಾರದ ಸುಂಕವು ಮಾತ್ರ ಅಲ್ಲಿ ಬಹಳ ಅಲ್ಪ. ಮಾರಾಟದ ತೆರಿಗೆಯನ್ನು ಬಿಟ್ಟರೆ, ಸೀಸೆಗೆ ೩ ಸೆಂಟಿನಷ್ಟು.

ಅಗ್ಗದ ಒಳ್ಳೆಯ ವೈನು ಈ ನಾಲ್ಕನ್ನೂ ಬಿಟ್ಟು ನಡೆಯುತ್ತದೆ. ಅಗ್ಗದ ನೆಲದಲ್ಲಿ ಬೆಳೆದು, ಗಾರೆಯ ಅಥವಾ ಉಕ್ಕಿನ ತೊಟ್ಟಿಯಲ್ಲಿ ಹುದುಗಿ, ಎಳೆಯದಾಗಿರುವಾಗಲೇ ಮೇಜಿಗೆ ಬರುತ್ತದೆ. ಆದ್ದರಿಂದ ಇಂಥ ಸೀಸೆಯನ್ನು ಕೊಂಡು ಹತ್ತು ವರ್ಷ ಅಡಗಿಸಿಡುವುದು ತಪ್ಪು. ಎರಡು ಮೂರು ವರ್ಷಗಳೊಳಗಿನದನ್ನು ನೋಡಿ ಕೊಂಡು, ಕೊಂಡ ವರ್ಷವೇ ಮುಗಿಸುವುದು ಲೇಸು.

ಮೂರು ಬಗೆಯ ಕೆಂಪು

ದ್ರಾಕ್ಷಿಯ ತಿರುಳಿನ ರಸವು ಬಹುಮಟ್ಟಿಗೆ ಬಣ್ಣವಿಲ್ಲದ್ದು. ಕೆಂಪು ಬರುವುದು ಸಿಪ್ಪೆಯಿಂದ. ಸಿಪ್ಪೆಯೊಡನೆ ಹುದುಗಿದಷ್ಟೂ ಬಣ್ಣದ ಜತೆಗೆ ಒಗರೂ ಇಳಿಯುತ್ತದೆ. ಬಲಿಯದ ಬಾಳೆಕಾಯಿಯನ್ನು ಕಚ್ಚಿದಾಗ ನಾಲಗೆ ಹಿಡಿದಂತಾಗುವುದಷ್ಟೆ, ಅದೇ ಒಗರು. ಬಗೆಬಗೆಯ ಜನ ಸೇರುವಲ್ಲಿ ಒಗರು ಕಡಮೆಯಾದುದನ್ನೇ ಆರಿಸಬೇಕು.

ಈ ಗುಣದಲ್ಲಿ ಮೊದಲ ಸ್ಥಾನವು ಲಿಯೋಂ ಪಟ್ಟಣದ ಉತ್ತರಕ್ಕಿರುವ ಬೋಜೊಲೆ ಪ್ರಾಂತದ ವೈನಿಗೆ ಸಲ್ಲುತ್ತದೆ. ಅದು ಗಾಮೆ ಎಂಬ ದ್ರಾಕ್ಷಿಯಿಂದ ಆದದ್ದು. ೧೩೯೫ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ಪನು ಈ ಬಳ್ಳಿಯನ್ನು ಹೀನವೆಂದು ಜರೆದು, ತನ್ನ ಸೀಮೆಯಿಂದ ಕಿತ್ತುಹಾಕಬೇಕೆಂದು ಆಜ್ಞೆ ಮಾಡಿದನು. ದೊರೆಯು ತಳ್ಳಿದ ಬಳ್ಳಿಗೆ ನೆರೆಯ ಬೋಜೊಲೆಯ ಗುಡ್ಡಗಳು ಆಶ್ರಯವಿತ್ತುವು. ಅಲ್ಲಿ ದ್ರಾಕ್ಷಿಯನ್ನು ಹಿಂಡದೆ ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣು ಭಾರಕ್ಕೆ ಒಡೆದು ಹುದುಗತೊಡಗಿದಾಗ ಇಂಗಾಲಾಮ್ಲ ವಾಯುವು ಎದ್ದು ತೊಟ್ಟಿಯನ್ನು ತುಂಬುತ್ತದೆ. ಆ ವಾಯುವಿನಲ್ಲಿ ಮೇಲಿನ ಹಣ್ಣುಗಳು ಒಡೆಯದೆಯೇ ತಮ್ಮೊಳಗೆ ತಾವು ಹುದುಗಲಾರಂಭಿಸುತ್ತವೆ. ಇದರಿಂದ ಒಗರು ಕಡಮೆಯಾಗಿ ಹಣ್ಣಿನ ಪರಿಮಳವು ಹೆಚ್ಚುತ್ತದೆ.

ಎರಡನೆಯದು ರೋನ್ ನದಿಯ ಕಣಿವೆಯ 'ಕೋತ್ ದ್ಯು ರೋನ್'. ಗ್ರನಾಶ್, ಸಿರಾ ಮೊದಲಾದ ಹಲವು ದ್ರಾಕ್ಷಿಗಳನ್ನು ಬೆರಸಿ ಮಾಡಿದ್ದು. ಬಿಸಿಲಿನ ಸೀಮೆಯದಾದ್ದರಿಂದ ಮೈತುಂಬಿದ ವೈನು. ಮಸಾಲೆಯ ಅಡಿಗೆಗೂ ಒಗ್ಗುತ್ತದೆ. ಮೂರನೆಯದು ಲಾಂಗ್‌ದಾಕಿನ ಕೋರ್ಬಿಯೇರ್, ಮಿನೆರ್ವ್ವಾ ಮೊದಲಾದುವು. ಈ ಮೂರರಲ್ಲಿಯೂ ೫ರಿಂದ ೧೦ ಯೂರೋಗಳೊಳಗೆ ನಂಬಬಹುದಾದ ಸೀಸೆ ದೊರೆಯುತ್ತದೆ.

ಇನ್ನೊಂದು ಸುಲಭವಾದ ಸೂತ್ರವುಂಟು. ಹೆಸರಾಂತ ತೋಟವನ್ನು ಬಿಟ್ಟು ಅದರ ನೆರೆಯ ತೋಟದ್ದನ್ನು ಕೊಳ್ಳಬೇಕು. ಶಾತೋನಫ್ ದ್ಯು ಪಾಪ್ ಎಂಬುದು ರೋನ್ ಕಣಿವೆಯಲ್ಲಿ ಬಹು ದುಬಾರಿಯಾದ ಹೆಸರು. ನದಿಯ ಆಚೆಯ ದಡದಲ್ಲಿರುವ ಲಿರಾಕಿನಲ್ಲಿಯೂ ಬಹುಮಟ್ಟಿಗೆ ಅವೇ ದ್ರಾಕ್ಷಿಗಳು, ಅದೇ ಬಿಸಿಲು. ಬೆಲೆ ಮಾತ್ರ ಬಹಳ ಕಡಮೆ. ಬೋರ್ದೋ ಸೀಮೆಯ ಪೊಮೆರೋಲಿಗೂ ಅದರ ನೆರೆಯ ಲಲಾಂದ್ ದ ಪೊಮೆರೋಲಿಗೂ ನಡುವೆ ಇರುವುದು ಒಂದು ಹಳ್ಳ. ನೆರೆಯವರ ಹಬ್ಬಕ್ಕೆ ನೆರೆಯ ತೋಟದ ವೈನೇ ಒಪ್ಪುತ್ತದಲ್ಲವೆ?

ಕೂಡಿ ಬೆಳೆದವರು

ಅಗ್ಗದ ವೈನು ಮರ್ಯಾದೆಯ ವಸ್ತುವಾದದ್ದು ಸುಲಭವಾಗಿ ಅಲ್ಲ. ೧೯೦೦ರ ಸುಮಾರಿನಲ್ಲಿ ಲಾಂಗ್‌ದಾಕಿನಲ್ಲಿ ವೈನು ಹೆಚ್ಚಾಗಿ, ಬೆಲೆ ಇಳಿದು, ಬಡ ಬೆಳೆಗಾರರು ವರ್ತಕರ ಕೈಗೆ ಸಿಕ್ಕಿ ತೊಳಲುತ್ತಿದ್ದರು. ಬೇಜಿಯೇ ಪಟ್ಟಣದ ಬಳಿಯ ಮಾರೋಸಾಂ ಗ್ರಾಮದ ಬೆಳೆಗಾರರು ೧೯೦೧ರಲ್ಲಿ ತಮ್ಮ ತಮ್ಮ ವೈನನ್ನು ಒಟ್ಟುಗೂಡಿಸಿ ಮಾರುವ ಸಹಕಾರ ಸಂಘವನ್ನು ಕಟ್ಟಿದರು. ನಡುವಿನ ವರ್ತಕರನ್ನು ಬಿಟ್ಟು, ಪ್ಯಾರಿಸಿನ ಕಾರ್ಮಿಕರ ಸಹಕಾರ ಭಂಡಾರಗಳಿಗೇ ಪೀಪಾಯಿಗಳನ್ನು ಕಳುಹಿಸಿದರು. ೧೯೦೫ರಲ್ಲಿ ಸಮಾಜವಾದಿಗಳ ಮುಖಂಡರಾದ ಜಾಂ ಜೊರೆಸರು ಆ ಗ್ರಾಮಕ್ಕೆ ಹೋಗಿ ಅವರ ಕಾರ್ಯವನ್ನು ಕಂಡು ಮೆಚ್ಚಿದರು. ಅದೇ ೧೯೦೫ರಲ್ಲಿಯೇ ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಒಬ್ಬರನ್ನೊಬ್ಬರು ಅರಿಯದ ಎರಡು ಗ್ರಾಮಗಳು ಒಂದೇ ಕಾಲದಲ್ಲಿ ಒಂದೇ ಮದ್ದನ್ನು ಕಂಡುಕೊಂಡವು.

ಆದರೂ ಕಷ್ಟವು ತೀರಲಿಲ್ಲ. ಸಕ್ಕರೆಯನ್ನೂ ನೀರನ್ನೂ ಬೆರಸಿದ ಕಳ್ಳ ವೈನು ನಿಜವಾದುದರ ಬೆಲೆಯನ್ನು ಕೆಡಿಸುತ್ತಿತ್ತು. ೧೯೦೭ರಲ್ಲಿ ಮಾರ್ಸ್‌ಲಾಂ ಆಲ್ಬೇರ್ ಎಂಬವರ ಮುಂದಾಳುತನದಲ್ಲಿ ಆ ಪ್ರಾಂತದ ಬೆಳೆಗಾರರು ಲಕ್ಷಗಟ್ಟಲೆಯಾಗಿ ಬೀದಿಗಿಳಿದರು. ಜೂನ್ ತಿಂಗಳಲ್ಲಿ ನಾರ್ಬೋನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಕೆಲವರು ಬಲಿಯಾದರು. ಅದೇ ತಿಂಗಳ ಕೊನೆಗೆ ಕಲಬೆರಕೆಯ ವಿರುದ್ಧವಾದ ಕಾನೂನು ಬಂದಿತು. ಈಗ ಐದಾರು ಯೂರೋಗಳನ್ನು ಕೊಟ್ಟು ಕಲಬೆರಕೆಯಿಲ್ಲದ ಸೀಸೆಯನ್ನು ಕೊಳ್ಳುವವನಿಗೆ ಆ ನೆಮ್ಮದಿಯು ಪುಕ್ಕಟೆಯಾಗಿ ಬಂದದ್ದಲ್ಲ.

ಲೆಕ್ಕ ಮತ್ತು ಮರ್ಯಾದೆ

ಗೃಹಿಣಿಯರು ಲೆಕ್ಕವನ್ನು ಕೇಳದೆ ಬಿಡರು; ಆದ್ದರಿಂದ ಅದನ್ನೂ ಹೇಳಬೇಕು. ಒಂದು ಸೀಸೆಯು ೭೫೦ ಮಿಲಿಲೀಟರು. ಅದರಿಂದ ೧೨೫ ಮಿಲಿಲೀಟರಿನ ಆರು ಬಟ್ಟಲುಗಳಾಗುತ್ತವೆ. ಇಪ್ಪತ್ತು ಜನ ಸೇರಿ, ಅವರಲ್ಲಿ ಹದಿನಾಲ್ಕು ಮಂದಿ ವೈನು ಕುಡಿಯುವವರಾದರೆ, ತಲೆಗೆ ಎರಡರಂತೆ ೨೮ ಬಟ್ಟಲು. ಐದು ಸೀಸೆಗಳು ಸಾಕು. ಸೀಸೆಗೆ ೭ ಯೂರೋ ಎಂದರೆ ೩೫ ಯೂರೋ. ಹದಿನಾಲ್ಕು ಮಂದಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎರಡೂವರೆ ಯೂರೋ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಹಳೆಯ ಮಾತು ಬೆಂಕಿಗೂಡಿನ ಕಾಲದ ತಣ್ಣನೆಯ ಕೋಣೆಗಳಿಗೆ ಸಲ್ಲುವುದು. ಮೇ ತಿಂಗಳ ಅಂಗಳದಲ್ಲಿ ಸೀಸೆ ಬೆಚ್ಚಗಾಗಿ ಸಾರಾಯದ ಘಾಟು ಮುಂದಾಗುತ್ತದೆ. ಹಿಮದ ತುಂಡುಗಳನ್ನು ಹಾಕಿದ ನೀರಿನ ಬಕೀಟಿನಲ್ಲಿ ಕಾಲು ಗಂಟೆ ನಿಲ್ಲಿಸಿದರೆ ಸರಿಯಾಗುತ್ತದೆ. ಬಿರಡೆ ಕೆಟ್ಟು ಒದ್ದೆ ಬಟ್ಟೆಯ ವಾಸನೆ ಬಂದರೆ, ತಂದವರಿಗೆ ತಿಳಿಯದಂತೆ ಸೀಸೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆರೆಯುವುದು ಸೌಜನ್ಯ. ಉಳಿದದ್ದಕ್ಕೆ ಬಿರಡೆಯನ್ನು ಬಿಗಿಯಾಗಿ ಹಾಕಿ ತಣ್ಣಗೆ ಇಟ್ಟರೆ ಎರಡು ಮೂರು ದಿನ ಕೆಡದು.

ಇನ್ನು ಮುಖ್ಯವಾದ ಮಾತು. ಉಳಿದ ಆರು ಮಂದಿಯ ಸಂಗತಿಯೇನು? ಧರ್ಮದ ಕಾರಣದಿಂದ ಕುಡಿಯದವರು, ಗರ್ಭಿಣಿಯರು, ಔಷಧ ತೆಗೆದುಕೊಳ್ಳುವವರು, ಗಾಡಿ ನಡೆಸಬೇಕಾದವರು, ಮಕ್ಕಳು, ಒಮ್ಮೆ ಆ ಚಟಕ್ಕೆ ಸಿಕ್ಕಿ ಬಿಡಿಸಿಕೊಂಡವರು, ಇವರೆಲ್ಲರೂ ಆ ಮೆಟ್ಟಿಲಿನ ನೆರೆಯವರೇ. ಅವರಿಗಾಗಿ ದ್ರಾಕ್ಷಿಯ ಹಸಿ ರಸವನ್ನೂ, ಹಣ್ಣಿನ ಪಾನಕವನ್ನೂ ಮೇಜಿನ ಮೂಲೆಯಲ್ಲಲ್ಲ, ನಡುವೆಯೇ ಇಡಬೇಕು. ಏಕೆ ಕುಡಿಯುವುದಿಲ್ಲವೆಂದು ಕೇಳಬಾರದು. ಮದ್ಯವು ಎಷ್ಟೇ ಕಡಮೆಯಾದರೂ ಸಂಪೂರ್ಣ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸ್ಪಷ್ಟವಾಗಿ ಹೇಳಿದೆ. ಫ್ರಾನ್ಸಿನ ಆರೋಗ್ಯ ಇಲಾಖೆಯವರು ಕುಡಿಯುವವರಿಗೆ ಕೊಡುವ ಬುದ್ಧಿವಾದವೂ ಹೀಗಿದೆ: ದಿನಕ್ಕೆ ಎರಡು ಬಟ್ಟಲು ಮೀರಬಾರದು, ವಾರಕ್ಕೆ ಹತ್ತು ಮೀರಬಾರದು, ವಾರದಲ್ಲಿ ಕೆಲವು ದಿನ ಮುಟ್ಟಲೇಬಾರದು. ಅವರು ಎಣಿಸುವ ಬಟ್ಟಲು ೧೦೦ ಮಿಲಿಲೀಟರಿನದು. ಆದ್ದರಿಂದ ಮೇಲೆ ಹೇಳಿದ ದೊಡ್ಡ ಬಟ್ಟಲನ್ನು ತುಂಬ ತುಂಬದಿರುವುದೇ ವಿವೇಕ. ಫ್ರೆಂಚರೂ ಈಗ ಹಿಂದಿನಂತೆ ಕುಡಿಯುವುದಿಲ್ಲ. ೧೯೬೦ರ ಸುಮಾರಿನಲ್ಲಿ ತಲೆಗೆ ವರ್ಷಕ್ಕೆ ೧೦೦ ಲೀಟರಿಗೂ ಮೀರಿ ಖರ್ಚಾಗುತ್ತಿದ್ದ ವೈನು ಈಗ ಅದರ ಅರ್ಧಕ್ಕಿಂತಲೂ ಕಡಮೆಯಾಗಿದೆ.

ನಮ್ಮ ನಾಡಿನ ದ್ರಾಕ್ಷಿ

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಸೀಮೆಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ವಾಚಕರು ತಿಂದೇ ಇರುತ್ತಾರೆ. ೨೦೧೩ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಮೇರಿಕ ಮೂಲದ ಇಸಾಬೆಲ್ಲಾ ಎಂಬ ಜಾತಿಗೆ ಅದು ಸೇರಿದ್ದು. ಅದರ ಗಾಢವಾದ ಕಮ್ಮನೆಯ ವಾಸನೆಗೆ ಅದೇ ಕಾರಣ. ಸೋಜಿಗವೇನೆಂದರೆ, ೧೯೩೪ರ ಕಾನೂನಿನಿಂದ ಫ್ರಾನ್ಸು ನಿಷೇಧಿಸಿದ ಆರು ದ್ರಾಕ್ಷಿ ತಳಿಗಳಲ್ಲಿ ಇಸಾಬೆಲ್ಲಾ ಕೂಡ ಒಂದು. ಅಲ್ಲಿ ತಳ್ಳಲ್ಪಟ್ಟ ಹಣ್ಣು ಇಲ್ಲಿ ನಂದಿಯ ಸುತ್ತಿನ ರೈತರ ಮನೆಯನ್ನು ಬೆಳಗಿಸಿತು. ಅದರ ಹಸಿ ರಸಕ್ಕೆ ಸ್ವಲ್ಪ ನಿಂಬೆಯನ್ನೂ ಏಲಕ್ಕಿಯನ್ನೂ ಸೇರಿಸಿ ತಣ್ಣಗೆ ಕೊಟ್ಟರೆ, ಅದು ಯಾವ ಮೇಜಿನ ಮೇಲೂ ತಲೆತಗ್ಗಿಸಬೇಕಾದ ಪಾನವಲ್ಲ. ವೈನನ್ನು ಒಲ್ಲದ ಮನೆಗಳಲ್ಲಿ ನೆರೆಯವರ ಸಂಜೆಗೆ ಇದೇ ಸಾಕು.

ಏಕೆಂದರೆ ನಮ್ಮ ಪಟ್ಟಣಗಳಲ್ಲಿಯೂ ಈಗ ಜಗಲಿಯ ಮನೆಗಳು ಕಡಮೆಯಾಗಿ, ಅಂತಸ್ತಿನ ಮೇಲೆ ಅಂತಸ್ತು ಏರುತ್ತಿದೆ. ಮಕ್ಕಳು ಪರದೇಶದಲ್ಲಿದ್ದು, ತಂದೆತಾಯಿಗಳು ಮುಚ್ಚಿದ ಬಾಗಿಲಿನ ಹಿಂದೆ ಇಬ್ಬರಾಗಿಯೋ ಒಬ್ಬರಾಗಿಯೋ ಉಳಿದಿರುವ ಮನೆಗಳು ಎಷ್ಟೋ ಇವೆ. ಪ್ಯಾರಿಸಿನವರಿಗೆ ಅಂಥ ಬಾಗಿಲನ್ನು ತಟ್ಟುವುದಕ್ಕೆ ಒಂದು ನೆಪ ಬೇಕಾಗಿತ್ತು. ಐದಾರು ಯೂರೋಗಳ ಸೀಸೆಯೊಂದು ಆ ನೆಪವಾಯಿತು. ನಮ್ಮಲ್ಲಿ ನೆಪಗಳಿಗೇನೂ ಬರವಿಲ್ಲ. ಎಳ್ಳು, ಪಾನಕ, ಕೋಸಂಬರಿ, ಹೋಳಿಗೆ, ಒಂದು ಗೊಂಚಲು ನೀಲಿ ದ್ರಾಕ್ಷಿ, ಯಾವುದಾದರೂ ಆದೀತು. ವಾಚಕರು ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ, ತಮ್ಮ ಮೆಟ್ಟಿಲಿನಲ್ಲಿ ಯಾವ ಬಾಗಿಲು ಬಹುದಿನದಿಂದ ತೆರೆದುದನ್ನು ಕಾಣಲಿಲ್ಲವೆಂದು ಒಮ್ಮೆ ಜ್ಞಾಪಿಸಿಕೊಂಡು, ಇಂದೇ ಸಂಜೆ ಹೋಗಿ ಅದನ್ನು ತಟ್ಟಿದರೆ ಈ ಲೇಖನವನ್ನು ಬರೆದದ್ದು ಸಾರ್ಥಕವಾಗುತ್ತದೆ.